ಟೊಮ್ಯಾಟೊ ಹೂ ಉದುರೋದು ಇವತ್ತು, ಕೆಟ್ಟಿದ್ದು ಹತ್ತು ದಿನದ ಹಿಂದೆ

ಗಿಡ ದಟ್ಟ ಹಸಿರಾಗಿ ಸೊಂಪಾಗಿ ನಿಂತಿರತ್ತೆ, ಹೂವೂ ಗೊಂಚಲು ಗೊಂಚಲಾಗಿ ಬಿಟ್ಟಿರತ್ತೆ, ಆದ್ರೆ ಬೆಳಿಗ್ಗೆ ಹೋಗಿ ನೋಡಿದ್ರೆ ಬುಡದ ತುಂಬಾ ಹಳದಿ ಹೂವು ಚೆಲ್ಲಿಕೊಂಡಿರತ್ತೆ. ಬಿದ್ದಿರೋ ಒಂದು ಹೂ ಎತ್ಕೊಂಡು ತೊಟ್ಟು ನೋಡಿ. ತೊಟ್ಟಿನ ಮಧ್ಯೆ ಗಂಟಿನ ಥರ ಒಂದು ಕೀಲು ಇರತ್ತಲ್ಲ, ಸರಿಯಾಗಿ ಅಲ್ಲೇ ಬ್ಲೇಡಲ್ಲಿ ಕುಯ್ದ ಹಾಗೆ ಕಳಚಿರತ್ತೆ. ಗಾಳಿಗೆ ಬಿದ್ದಿದ್ದಲ್ಲ ಅದು, ಗಿಡಾನೇ ಕೈಬಿಟ್ಟಿದ್ದು.

ಇದನ್ನ ನೋಡಿದ ತಕ್ಷಣ ಯಾವುದಾದ್ರೂ ಟಾನಿಕ್ ತಂದು ಸ್ಪ್ರೇ ಮಾಡೋರೇ ಜಾಸ್ತಿ. ನನ್ನ ಪ್ರಕಾರ ಹೆಚ್ಚಿನ ಸಲ ಅದು ನೀರಲ್ಲಿ ಹಾಕಿದ ದುಡ್ಡು. ಯಾಕಂದ್ರೆ ಹೂವಿನೊಳಗೆ ಪರಾಗ ರೆಡಿಯಾಗೋದು ಹೂ ಅರಳೋಕೆ ಒಂದೆರಡು ವಾರ ಮುಂಚೆ, ಅದಿನ್ನೂ ಕಣ್ಣಿಗೆ ಸರಿಯಾಗಿ ಕಾಣದ ಮೊಗ್ಗಾಗಿದ್ದಾಗ, ಆ ಟೈಮಲ್ಲಿ ಹಗಲು 32 ಡಿಗ್ರಿ ದಾಟಿ ರಾತ್ರಿನೂ 21-22ಕ್ಕಿಂತ ಕೆಳಗೆ ಇಳೀಲಿಲ್ಲ ಅಂದ್ರೆ ಪರಾಗ ಬಡಕಲಾಗತ್ತೆ, ಹೂ ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಚೆಂದಾಗೇ ಅರಳತ್ತೆ, ಆದ್ರೆ ಕಾಯಿ ಕಟ್ಟದೇ ಉದುರತ್ತೆ. ಹಗಲಿನ ಬಿಸಿಲನ್ನ ಎಲ್ಲರೂ ಬೈತಾರೆ, ರಾತ್ರಿ ಸೆಕೆ ಲೆಕ್ಕಕ್ಕೇ ಬರಲ್ಲ. ಗಿಡ ಹಗಲೆಲ್ಲಾ ಕೂಡಿಟ್ಟ ಸಕ್ಕರೆನ ಬೆಚ್ಚಗಿನ ರಾತ್ರಿಯಲ್ಲಿ ಉಸಿರಾಡೋಕೇ ಖರ್ಚು ಮಾಡ್ಕೊಳತ್ತೆ, ಪರಾಗದ ಪಾಲಿಗೆ ಕಮ್ಮಿ ಉಳಿಯತ್ತೆ.

ಇನ್ನೊಂದು ಗುರುತು ಇದೆ. ಅರಳಿದ ಹೂವಿನ ನಡುವೆ ಹಳದಿ ಕೊಳವೆ ಕಾಣತ್ತಲ್ಲ, ಪರಾಗ ಅದರೊಳಗೆ, ಶಲಾಕೆ ಅನ್ನೋ ಸಣ್ಣ ಕಡ್ಡಿನೂ ಸಾಮಾನ್ಯವಾಗಿ ಅದರೊಳಗೇ. ಬಿಸಿ ಜಾಸ್ತಿಯಾದಾಗ ಆ ಕಡ್ಡಿ ಕೊಳವೆಯಿಂದ ಹೊರಗೆ ಇಣುಕತ್ತೆ, ಆಮೇಲೆ ತನ್ನದೇ ಹೂವಿನ ಪರಾಗ ಅದಕ್ಕೆ ಸಿಗೋದು ಕಷ್ಟ. ಟೊಮ್ಯಾಟೊಗೆ ಬೇರೆ ಗಿಡದ ಪರಾಗ ಬೇಕಿಲ್ಲ, ಬೇಕಿರೋದು ಕೊಳವೆಯೊಳಗಿನ ಪರಾಗ ಉದುರೋ ಹಾಗೆ ಒಂದು ಅಲುಗಾಟ. ಜೇನ್ನೊಣಕ್ಕೆ ಈ ಕೊಳವೆನ ಝುಂಯ್ ಅಂತ ನಡುಗಿಸೋಕೆ ಬರಲ್ಲ, ಬಂಬಲ್‌ಬೀ ಥರದ ದಪ್ಪ ದುಂಬಿಗಳಿಗೆ ಬರತ್ತೆ, ಅದಕ್ಕೇ ಎಷ್ಟೋ ಗ್ರೀನ್‌ಹೌಸ್‌ಗಳಲ್ಲಿ ಅವನ್ನೇ ತಂದು ಬಿಡ್ತಾರೆ. ಕಂಡ ಕಂಡ ಹುಳಕ್ಕೆಲ್ಲಾ ಔಷಧಿ ಹೊಡೆಯೋರು ಈ ಪುಕ್ಕಟೆ ಕೂಲಿಯವರನ್ನೂ ಸೇರಿಸಿ ಸಾಯಿಸ್ತಾರೆ.

ಹಂಗಾಗಿ ನಿಜವಾದ ಕೆಲಸ ಇರೋದು ನಾಟಿ ಮಾಡೋ ದಿನದ ಲೆಕ್ಕದಲ್ಲಿ. ಮೊಗ್ಗು ಕಟ್ಟೋ ವಾರಗಳು ಕಡು ಬೇಸಿಗೆಗೆ ಸಿಗಬಾರದು. ತಪ್ಪಿಸೋಕೆ ಆಗ್ದೇ ಇದ್ರೆ ಸುಮಾರು 30 ಪರ್ಸೆಂಟ್ ನೆರಳಿನ ನೆಟ್, ಅದೂ ಆ ವಾರಗಳಿಗೆ ಮಾತ್ರ ಸಾಕು, ವರ್ಷಪೂರ್ತಿ ನೆರಳಲ್ಲಿಟ್ರೆ ಗಿಡ ಉದ್ದ ಹೋಗತ್ತೆ ಅಷ್ಟೇ. ಎಲ್ಲಾ ಒಂದೇ ದಿನ ನಾಟಿ ಮಾಡೋ ಬದಲು ಹದಿನೈದು ದಿನ ಬಿಟ್ಟು ಬಿಟ್ಟು ಎರಡು ಮೂರು ಕಂತು ಮಾಡಿದ್ರೆ ಒಂದು ಕಂತು ಬಿಸಿಗೆ ಸಿಕ್ಕಿದ್ರೂ ಇನ್ನೊಂದು ಉಳಿಯತ್ತೆ, ಮಾರೋವಾಗ್ಲೂ ಎಲ್ಲಾ ಒಟ್ಟಿಗೆ ಬಂದು ಬೀಳಲ್ಲ.

ನೀರಿನ ವಿಷಯದಲ್ಲಿ ಎಷ್ಟು ಕೊಡ್ತೀವಿ ಅನ್ನೋದಕ್ಕಿಂತ ಒಂದೇ ಸಮ ಕೊಡ್ತೀವಾ ಅನ್ನೋದೇ ಮುಖ್ಯ. ಹಣ್ಣಿನ ತುದಿ ಕಪ್ಪಾಗಿ ಚರ್ಮದ ಥರ ಆಗತ್ತಲ್ಲ, ಅದು ಕ್ಯಾಲ್ಸಿಯಂ ಕೊರತೆ ನಿಜ, ಆದ್ರೆ ಎಷ್ಟೋ ಸಲ ಮಣ್ಣಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇರತ್ತೆ. ಅದು ನೀರಿನ ಜೊತೆ ಹರಿದು ಹೋಗೋ ವಸ್ತು, ಬಿಸಿಲಲ್ಲಿ ಎಲೆಗಳು ಜೋರಾಗಿ ನೀರೆಳೀತಾವೆ, ಹಣ್ಣಿಂದ ನೀರು ಆವಿಯಾಗೋದೇ ಕಮ್ಮಿ ಆದ್ರಿಂದ ಅದಕ್ಕೆ ಪಾಲು ಸಿಗಲ್ಲ. ಮೂರು ದಿನ ಒಣಗಿಸಿ ನಾಲ್ಕನೇ ದಿನ ಕೆರೆ ಮಾಡಿದ್ರೆ ಒಂದು ಕಡೆ ತುದಿ ಕೊಳೆಯತ್ತೆ, ಇನ್ನೊಂದು ಕಡೆ ಒಳಗಿನ ತಿರುಳು ದಿಢೀರಂತ ಉಬ್ಬಿ ಸಿಪ್ಪೆ ಬಿರಿಯತ್ತೆ. ಡ್ರಿಪ್ ಜೊತೆ ಒಣಹುಲ್ಲು ಹಾಸಿದ್ರೆ ಬೇರೂ ತಂಪಾಗಿರತ್ತೆ. ಕರಿ ಪ್ಲಾಸ್ಟಿಕ್ ಹಾಳೆ ಬೇಸಿಗೆಯಲ್ಲಿ ಮಣ್ಣನ್ನ ಇನ್ನೂ ಕಾಯಿಸತ್ತೆ, ಬೆಳ್ಳಿ ಬಣ್ಣದ್ದು ವಾಸಿ, ಅದರ ಹೊಳಪಿಗೆ ಬಿಳಿನೊಣನೂ ಕಮ್ಮಿ ಕೂರತ್ತೆ. ಮಳೆ ನೀರು ನಿಲ್ಲೋ ಜಾಗವಾದ್ರೆ ಬದನೆ ಬೇರಿಗೆ ಕಸಿ ಮಾಡಿದ ಸಸಿ ತಗೊಳ್ಳಿ, ದುಬಾರಿ ಹೌದು, ಆದ್ರೆ ಆ ಬೇರು ನಿಂತ ನೀರನ್ನೂ ಸೊರಗು ರೋಗವನ್ನೂ ಚೆನ್ನಾಗಿ ತಡ್ಕೊಳತ್ತೆ.

ಕೊನೆಗೆ ಬಣ್ಣ. 30 ಡಿಗ್ರಿ ದಾಟಿದ ಮೇಲೆ ಕೆಂಪು ಕೊಡೋ ಲೈಕೋಪೀನ್ ತಯಾರಾಗೋದು ಹೆಚ್ಚುಕಮ್ಮಿ ನಿಂತೇಹೋಗತ್ತೆ, ಹಳದಿ ಬಣ್ಣದ್ದು ಮಾತ್ರ ಮುಂದುವರಿಯತ್ತೆ, ಹಾಗಾಗಿ ಬಿಸಿಲಲ್ಲಿ ಎಷ್ಟು ದಿನ ಕಾದ್ರೂ ಹಣ್ಣು ಕಿತ್ತಳೆ ಬಣ್ಣಕ್ಕೇ ನಿಲ್ಲತ್ತೆ. ಅಂಥಾ ದಿನಗಳಲ್ಲಿ ತುದಿ ಸ್ವಲ್ಪ ಬಣ್ಣ ತಿರುಗಿದ ಕೂಡ್ಲೇ ಬೆಳಿಗ್ಗೆ ತಂಪಲ್ಲಿ ಕಿತ್ತು, 20 ಡಿಗ್ರಿ ಆಸುಪಾಸಿನ ನೆರಳಲ್ಲಿ ಹರಡಿ ಇಟ್ರೆ ಅಲ್ಲೇ ಕೆಂಪಾಗತ್ತೆ. ಫ್ರಿಜ್‌ಗೆ ಮಾತ್ರ ಹಾಕ್ಬೇಡಿ.