ಡಾಲರ್ ಮೇಲಿನ ದೇವರು ಅಲ್ಲಿಗೆ ಬಂದದ್ದು ಯಾವಾಗ?

ಪ್ರಶ್ನೆ: ಅಮೆರಿಕ ಕ್ರೈಸ್ತ ರಾಷ್ಟ್ರವಾಗಿಯೇ ಹುಟ್ಟಿದ್ದಲ್ಲವೇ? ಡಾಲರ್ ಮೇಲೇ 'ದೇವರಲ್ಲಿ ನಮ್ಮ ನಂಬಿಕೆ' ಎಂದು ಅಚ್ಚು ಹಾಕಿದ್ದಾರೆ. ಆ ನಂಬಿಕೆ ಸಡಿಲವಾದ ಮೇಲೆ ತಾನೇ ಅಲ್ಲಿ ನೀತಿ ಕೆಟ್ಟದ್ದು?

ಉತ್ತರ: ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಬದಲಾಗುವುದಿಲ್ಲ. ಪ್ರತಿ ಸಲವೂ ಸಾಕ್ಷಿ ಡಾಲರೇ. ಹಾಗಾಗಿ ಮೊದಲು ಆ ಸಾಕ್ಷಿಗೇ ಪಾಟಿ ಸವಾಲು ಹಾಕೋಣ.

ನೆಂಟರು ತಂದುಕೊಟ್ಟ ಒಂದು ಡಾಲರ್ ನೋಟು ಮನೆಯಲ್ಲಿದ್ದರೆ ಹಿಂಬದಿ ತಿರುಗಿಸಿ. ನಡುವೆ ದೊಡ್ಡದಾಗಿ 'ಒನ್' ಎಂದಿದೆ, ಅದರ ಮೇಲ್ಗಡೆ ಆ ವಾಕ್ಯ. ಎಡಗಡೆಯ ಪಿರಮಿಡ್ಡಿನ ಬುಡದಲ್ಲಿ ರೋಮನ್ ಅಂಕಿಗಳಲ್ಲಿ 1776. ಎರಡೂ ಒಂದೇ ಮಗ್ಗುಲಲ್ಲಿವೆ, ಆದ್ದರಿಂದ ಎರಡೂ ಒಂದೇ ಕಾಲದವು ಅಂದುಕೊಳ್ಳುತ್ತೇವೆ. ಎಡವುವುದು ಇಲ್ಲೇ. ವಾಕ್ಯ ನೋಟಿಗೆ ಬಂದದ್ದು 1957ರಲ್ಲಿ. ಹಳೆಯ ನೋಟು ಕೂಡಿಡುವವರ ಹತ್ತಿರ 1935ರ ಸರಣಿಯದು ಇದ್ದರೆ (ಆ ಸರಣಿಯ ತೀರಾ ಕೊನೆಯ ಕಂತುಗಳು ಬೇಡ) ಕೇಳಿ ನೋಡಿ: ಅದೇ ಪಿರಮಿಡ್, ಅದೇ ಹದ್ದು, 'ಒನ್' ಮೇಲೆ ಮಾತ್ರ ಜಾಗ ಖಾಲಿ.

ನಾಣ್ಯದಲ್ಲಿ ಇನ್ನೂ ಮುಂಚೆಯೇ ಇತ್ತಲ್ಲ ಅನ್ನುತ್ತೀರಿ. ಇತ್ತು, 1864ರಿಂದ. ಉತ್ತರ, ದಕ್ಷಿಣದ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ನಡುವೆ, ಪಾದ್ರಿಯೊಬ್ಬರು 1861ರಲ್ಲಿ ಖಜಾನೆ ಕಾರ್ಯದರ್ಶಿಗೆ ಕಾಗದ ಬರೆದ ಮೇಲೆ, ಎರಡು ಸೆಂಟಿನ ನಾಣ್ಯದಲ್ಲಿ ಶುರುವಾಯಿತು. ಐದು ಸೆಂಟಿನ ನಿಕ್ಕಲ್‌ನಿಂದ 1883ರಲ್ಲಿ ಮಾಯವಾಗಿ 1938ರಲ್ಲಿ ಮರಳಿತು. 1907ರ ಹೊಸ ಚಿನ್ನದ ನಾಣ್ಯಗಳಲ್ಲಿ ಅದು ಬೇಡ ಎಂದವರು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ನಾಸ್ತಿಕರಾಗಿ ಅಲ್ಲ, ದುಡ್ಡಿನ ಮೇಲೆ ದೇವರ ಹೆಸರು ಹಾಕುವುದು ಅಪಚಾರ ಎಂದು! ಮರುವರ್ಷ ಅಲ್ಲಿನ ಸಂಸತ್ತು ಮತ್ತೆ ಹಾಕಿಸಿತು. ರಾಷ್ಟ್ರದ ಧ್ಯೇಯವಾಕ್ಯ ಆದದ್ದಂತೂ 1956ರಲ್ಲಿ, ದೇವರಿಲ್ಲದ ಸೋವಿಯತ್‌ಗಿಂತ ತಾವು ಬೇರೆ ಎಂದು ತೋರಿಸಿಕೊಳ್ಳಬೇಕಿದ್ದ ಶೀತಲ ಸಮರದ ದಿನಗಳಲ್ಲಿ. ಶಾಲೆಗಳಲ್ಲಿ ಮಕ್ಕಳು ಹೇಳುವ ಧ್ವಜಪ್ರತಿಜ್ಞೆಗೆ ದೇವರು ಸೇರಿದ್ದೂ 1954ರಲ್ಲಿ. 1892ರಲ್ಲಿ ಅದನ್ನು ಬರೆದವರು ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಪಾದ್ರಿ. ಅವರೇ ದೇವರ ಹೆಸರು ಹಾಕಿರಲಿಲ್ಲ.

ಇನ್ನು 1787ರ ಸಂವಿಧಾನ. ಕೊನೆಯಲ್ಲಿ ತಾರೀಖು ಬರೆಯುವಾಗ 'ನಮ್ಮ ಪ್ರಭುವಿನ ವರ್ಷ' ಎಂಬ ಆ ಕಾಲದ ರೂಢಿಯ ಮಾತು ಬಿಟ್ಟರೆ ದೇವರ ಸುದ್ದಿಯೇ ಇಲ್ಲ. ಯಾವ ಸರ್ಕಾರಿ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದು ಎನ್ನುತ್ತದೆ 6ನೇ ವಿಧಿ. ಸ್ವಾತಂತ್ರ್ಯ ಘೋಷಣೆಯಲ್ಲಿ ಸೃಷ್ಟಿಕರ್ತ ಇದ್ದಾನೆ, ಕ್ರಿಸ್ತನಿಲ್ಲ. ಹಾಗೆಂದು ಜನ ಕ್ರೈಸ್ತರಾಗಿರಲಿಲ್ಲವೇ? ಬಹುಪಾಲು ಕ್ರೈಸ್ತರೇ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1833ರವರೆಗೂ ಚರ್ಚಿಗೆ ತೆರಿಗೆ ದುಡ್ಡು ಹೋಗುತ್ತಿತ್ತು. ಜನರ ಧರ್ಮ ಬೇರೆ, ರಾಜ್ಯಾಂಗದ ಧರ್ಮ ಬೇರೆ. ಇಷ್ಟು ಗೊತ್ತಾದರೆ ಅರ್ಧ ಗೊಂದಲ ಮುಗಿಯಿತು.

ನೀತಿಯ ವಿಷಯಕ್ಕೆ ಬನ್ನಿ. ಅಮೆರಿಕದ ನೆಲದಲ್ಲಿ ದೇವರನ್ನು ಪೀಠಿಕೆಯಲ್ಲೇ ಕೂರಿಸಿದ ಸಂವಿಧಾನವೂ ಒಂದಿತ್ತು. ಬೇರೆಯಾಗಿ ಹೋದ ದಕ್ಷಿಣದ ರಾಜ್ಯಗಳದು, 1861ರದು. 'ಸರ್ವಶಕ್ತ ದೇವರ ಕೃಪೆ, ಮಾರ್ಗದರ್ಶನ' ಬೇಡಿ ಶುರುವಾಗುವ ಅದು, ಕೆಲವೇ ಪುಟಗಳಾಚೆ, ಕಪ್ಪು ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನೇ ಮಾಡಕೂಡದು ಎನ್ನುತ್ತದೆ. ಇದಕ್ಕೂ ಬಹಳ ಹಿಂದೆ, 1688ರಲ್ಲಿ, ಪೆನ್ಸಿಲ್ವೇನಿಯಾದ ಜರ್ಮನ್‌ಟೌನಿನಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಗಡದ ನಾಲ್ವರು ಗುಲಾಮಗಿರಿಯ ವಿರುದ್ಧ ಮನವಿ ಬರೆದಿದ್ದರು. ಅವರ ಆಧಾರವೂ ಬೈಬಲ್ಲೇ: ನಿನಗೆ ಏನಾಗಬೇಕೆಂದು ಬಯಸುತ್ತೀಯೋ ಅದನ್ನೇ ಪರರಿಗೂ ಮಾಡು. ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಗುಲಾಮಗಿರಿಯ ಜಗಳದಿಂದಲೇ ಬೇರೆ ಸಂಘ ಕಟ್ಟಿಕೊಂಡರು. ಅದಕ್ಕೆ ಕ್ಷಮೆ ಕೇಳಿದ್ದು 1995ರಲ್ಲಿ. ನಂಬಿಕೆ ಗಟ್ಟಿಯಾಗಿದ್ದ ಆ ಕಾಲದ ನೀತಿಯೇ ಇದು. ಈಗ ಕೆಟ್ಟಿತು ಅನ್ನುವವರು ಯಾವ ವರ್ಷದಿಂದ ಎಂದೂ ಹೇಳಬೇಕು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ನಮ್ಮ ಸಂವಿಧಾನದ ಪೀಠಿಕೆಗೂ ದೇವರನ್ನು ತರುವ ಪ್ರಯತ್ನ ನಡೆದಿತ್ತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಸಂವಿಧಾನ ಸಭೆಯಲ್ಲಿ 'ದೇವರ ಹೆಸರಿನಲ್ಲಿ' ಎಂದು ಪೀಠಿಕೆ ಆರಂಭವಾಗಲಿ ಎಂದು ತಿದ್ದುಪಡಿ ಮಂಡಿಸಿದರು. ದೇವರನ್ನು ಓಟಿಗೆ ಹಾಕುವ ಮುಜುಗರ ಬೇಡ ಎಂದು ಸಭೆಯ ಸದಸ್ಯೆ ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರು. ಕಾಮತರು ಬಿಡಲಿಲ್ಲ. ಪರ 41, ವಿರುದ್ಧ 68. ಕೊನೆಗೆ ದೇವರಿಗೆ ಜಾಗ ಸಿಕ್ಕಿದ್ದು ಮೂರನೇ ಅನುಸೂಚಿಯ ಪ್ರಮಾಣವಚನದಲ್ಲಿ. ಅಲ್ಲೂ ಬೇಡವೆನ್ನುವವರು ದೃಢೀಕರಿಸಿ ಸಹಿ ಹಾಕಬಹುದು.