ಪಕ್ಕದೂರಲ್ಲಿ ಇಲ್ಲದ ಇಟಾಲಿಯನ್ನರು ಈ ಊರಲ್ಲಿ ಯಾಕೆ ಇಷ್ಟೊಂದು?

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಅಂಕಿಅಂಶ ನೋಡುವಾಗ ಒಂದು ವಿಚಿತ್ರ ಕಾಣುತ್ತದೆ. ಒಂದು ಪುಟ್ಟ ಊರಿನಲ್ಲಿ ಇಟಾಲಿಯನ್ ಮೂಲದವರು ಎದ್ದು ಕಾಣುವಷ್ಟಿರುತ್ತಾರೆ, ಅದೇ ಕೌಂಟಿಯ ಇನ್ನೊಂದು ಊರಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಹೀಗೇಕೆ? ಲೆಕ್ಕದಲ್ಲೇ ಏನಾದರೂ ಎಡವಟ್ಟಾಗಿದೆಯೇ?

ಉತ್ತರ: ವ್ಯತ್ಯಾಸ ನಿಜ. ಆದರೆ ಅದನ್ನು ತೋರಿಸುವ ಅಂಕಿ ನೀವಂದುಕೊಂಡಷ್ಟು ಗಟ್ಟಿಯಲ್ಲ. ಎರಡನ್ನೂ ಒಂದೇ ಕೌಂಟಿಯ ಮೇಲಿಟ್ಟು ನೋಡೋಣ.

ನಾನು ಆರಿಸಿಕೊಳ್ಳುವುದು ಓಕ್ಲಹೋಮದ ಪಿಟ್ಸ್‌ಬರ್ಗ್ ಕೌಂಟಿ. ಪೆನ್ಸಿಲ್ವೇನಿಯಾದ ದೊಡ್ಡ ಪಿಟ್ಸ್‌ಬರ್ಗ್ ನಗರದ ಹೆಸರನ್ನೇ ಇದಕ್ಕಿಟ್ಟಿದ್ದಾರೆ, ಇಂಗ್ಲಿಷ್ ಕಾಗುಣಿತದ ಕೊನೆಯ ಒಂದಕ್ಷರ ಬಿಟ್ಟು. ಇಡೀ ಕೌಂಟಿಗೆ ಸೇರಿ ನಲವತ್ತೈದು ಸಾವಿರದೊಳಗಿನ ಜನ. ಮುಖ್ಯ ಪಟ್ಟಣ ಮ್ಯಾಕ್‌ಅಲೆಸ್ಟರ್. ಅದರ ಪೂರ್ವಕ್ಕೆ ಅಂಟಿಕೊಂಡಂತೆ ಕ್ರೆಬ್ಸ್ ಎಂಬ ಸುಮಾರು ಎರಡು ಸಾವಿರ ಜನರ ಊರು. 'ಓಕ್ಲಹೋಮದ ಲಿಟಲ್ ಇಟಲಿ' ಎಂದು ಕರೆಸಿಕೊಳ್ಳುವುದು ಈ ಕ್ರೆಬ್ಸ್. ಅಂದಹಾಗೆ ಇದೇ ಕೌಂಟಿಯಲ್ಲಿ ಕೆನೇಡಿಯನ್ ಎಂಬ ಊರೂ ಇದೆ. ಕೆನಡಾದವರನ್ನು ಹುಡುಕಿಕೊಂಡು ಹೋಗಬೇಡಿ, ಅದು ಹತ್ತಿರದ ನದಿಯ ಹೆಸರು.

ಇಟಾಲಿಯನ್ನರನ್ನು ಅಲ್ಲಿಗೆ ಕರೆತಂದದ್ದು ಕಲ್ಲಿದ್ದಲು. ಆಗ ಅದು ಚಾಕ್ಟಾ ಮೂಲನಿವಾಸಿಗಳ ನಾಡು, 'ಇಂಡಿಯನ್ ಟೆರಿಟರಿ'ಯ ಭಾಗ (ನಮಗೂ ಆ ಹೆಸರಿಗೂ ಸಂಬಂಧವಿಲ್ಲ). 1872ರಲ್ಲಿ ಮಿಸೌರಿ, ಕ್ಯಾನ್ಸಸ್ ಅಂಡ್ ಟೆಕ್ಸಸ್ ರೈಲು ಅಲ್ಲಿಗೆ ಬಂತು. ಅಂಗಡಿ ಇಟ್ಟುಕೊಂಡಿದ್ದ ಜೆ. ಜೆ. ಮ್ಯಾಕ್‌ಅಲೆಸ್ಟರ್ ನೆಲದಡಿಯ ಇದ್ದಿಲನ್ನು ರೈಲಿಗೆ ಗಂಟುಹಾಕಿದ. ಮೊದಲು ಪೆನ್ಸಿಲ್ವೇನಿಯಾ ಗಣಿಗಳಿಂದ ಇಂಗ್ಲಿಷ್, ಸ್ಕಾಟಿಷ್, ವೆಲ್ಶ್ ಕಾರ್ಮಿಕರು ಬಂದರು. 1870ರ ದಶಕ ಮುಗಿಯುವಷ್ಟರಲ್ಲಿ ಇಟಾಲಿಯನ್ನರೂ ಇಳಿಯತೊಡಗಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಮುಂದಿನ ಹೆಜ್ಜೆಯಲ್ಲಿ. ಯಾರೂ ಕೌಂಟಿಯ ನಕ್ಷೆ ಹರಡಿಕೊಂಡು 'ಎಲ್ಲಿರೋಣ' ಎಂದು ಯೋಚಿಸಿ ಬಂದವರಲ್ಲ. ಒಬ್ಬ ಬಂದು ಒಂದು ಗಣಿ ಸೇರುತ್ತಿದ್ದ. ಊರಿಗೆ ಕಾಗದ ಬರೆದು ತಮ್ಮನನ್ನು ಕರೆಸಿಕೊಳ್ಳುತ್ತಿದ್ದ. ತಮ್ಮ ಭಾವಮೈದುನನನ್ನು ಕರೆಸುತ್ತಿದ್ದ. ಬಂದವರೆಲ್ಲ ಅದೇ ಗಣಿಗೆ, ಅದೇ ಕಂಪನಿ ಮನೆಗಳ ಸಾಲಿಗೆ. ನೆಲವೆಲ್ಲ ಚಾಕ್ಟಾ ಸಮುದಾಯದ ಸಾಮೂಹಿಕ ಆಸ್ತಿಯಾಗಿದ್ದರಿಂದ ಹೊರಗಿನವರು ಸುತ್ತಮುತ್ತ ಜಮೀನು ಕೊಂಡು ಚದುರುವ ಹಾಗೂ ಇರಲಿಲ್ಲ. ಹೀಗಾಗಿ ಎಣಿಕೆ ಗಣಿಗಣಿಗೆ ಬದಲಾಯಿತು. ಮ್ಯಾಕ್‌ಅಲೆಸ್ಟರ್‌ನಿಂದ ಹದಿನೈದು ಮೈಲಿ ಪೂರ್ವಕ್ಕಿರುವ ಹಾರ್ಟ್ಸ್‌ಹಾರ್ನ್ ಕೂಡ ಇದ್ದಿಲಿನ ಊರೇ. ಅಲ್ಲಿ ಕಣ್ಣಿಗೆ ಬೀಳುವುದು ಈರುಳ್ಳಿಯಾಕಾರದ ಗುಮ್ಮಟಗಳ ರಷ್ಯನ್ ಆರ್ಥೊಡಾಕ್ಸ್ ಚರ್ಚು, ಏಕೆಂದರೆ ಅಲ್ಲಿ ನೆಲೆನಿಂತವರಲ್ಲಿ ಪೂರ್ವ ಯುರೋಪಿನ ಸ್ಲಾವ್ ಜನ ಬಹಳ. ಕ್ರೆಬ್ಸ್‌ನಲ್ಲಿ 1903ರಲ್ಲಿ ಕಟ್ಟಿದ ಸೇಂಟ್ ಜೋಸೆಫ್ ಕ್ಯಾಥೊಲಿಕ್ ಚರ್ಚು. ಪ್ರೊಟೆಸ್ಟೆಂಟ್ ಪಂಥದ ಬ್ಯಾಪ್ಟಿಸ್ಟರೇ ತುಂಬಿರುವ ರಾಜ್ಯದಲ್ಲಿ ಇವೆರಡೂ ಕೆಲವೇ ಮೈಲಿ ಅಂತರದಲ್ಲಿವೆ. ಇದ್ದಿಲೇ ಇಲ್ಲದ, ದನ ಮತ್ತು ಬೇಸಾಯ ನಂಬಿದ ಊರುಗಳಿಗೆ ಇವರಿಬ್ಬರಲ್ಲಿ ಯಾರೂ ಹೋಗಲಿಲ್ಲ. ಅಲ್ಲಿ ನಿಮಗೆ ಕಾಣುವ ಸೊನ್ನೆಗೆ ಕಾರಣ ಅಷ್ಟೇ.

ಗಣಿಯ ಬದುಕು ಎಂಥದ್ದು ಎನ್ನುವುದಕ್ಕೆ ಒಂದು ತಾರೀಖು ಸಾಕು. 1892ರ ಜನವರಿ 7ರ ಸಂಜೆ, ಕ್ರೆಬ್ಸ್‌ನ ಹನ್ನೊಂದನೇ ನಂಬರ್ ಗಣಿಯಲ್ಲಿ ಪಾಳಿ ಮುಗಿಯುವ ಹೊತ್ತಿಗೆ ಸ್ಫೋಟವಾಯಿತು. ಸುಮಾರು ನೂರು ಜನ ಸತ್ತರು. ಊರಿನ ಗಾತ್ರಕ್ಕೆ ಆ ಸಂಖ್ಯೆಯನ್ನು ಹೋಲಿಸಿ ನೋಡಿ.

ಅಂಕಿಗಿಂತ ಮೊದಲು ಇನ್ನೊಂದು ಮಾತು. ಇಷ್ಟೆಲ್ಲ ಕಷ್ಟ ಯಾಕೆ, ಮತದಾರರ ಪಟ್ಟಿಯ ಅಡ್ಡಹೆಸರು ಎಣಿಸಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಸಾಲದು. ಕ್ರೆಬ್ಸ್‌ನ ಅತಿ ಪ್ರಸಿದ್ಧ ಇಟಾಲಿಯನ್ ಊಟದ ಮನೆ 'ಪೀಟ್ಸ್ ಪ್ಲೇಸ್'. ಅದನ್ನು 1925ರಲ್ಲಿ ಶುರುಮಾಡಿದವನ ಹೆಸರು ಪೀಟ್ ಪ್ರಿಚರ್ಡ್. ಅಪ್ಪಟ ವೆಲ್ಶ್ ಹೆಸರು! ಹುಟ್ಟಿದಾಗ ಆತ ಪ್ಯೆತ್ರೊ ಪಿಯೆಗಾರಿ. ಗಣಿಯಲ್ಲಿ ಪೆಟ್ಟು ತಿಂದು ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಗಣಿಗಾರರಿಗೆ ಊಟ ಮತ್ತು ಬಿಯರ್ ಕೊಡುತ್ತಿದ್ದ. ಆ ಬಿಯರಿನ ಹೆಸರು 'ಚಾಕ್', ಚಾಕ್ಟಾದ ಮೊಟಕು ರೂಪ. ಓಕ್ಲಹೋಮ 1907ರಲ್ಲಿ ರಾಜ್ಯವಾದಾಗಲೇ ಪಾನನಿಷೇಧ ತಂದುಕೊಂಡಿತ್ತು, 1959ರವರೆಗೆ ಅದನ್ನು ಬಿಡಲಿಲ್ಲ. ಹಾಗಾಗಿ ಚಾಕ್ ಬಿಯರ್ ಬಹುಕಾಲ ಕದ್ದುಮುಚ್ಚಿ ನಡೆದ ಬಾಬತ್ತು. ಇಟಲಿಯಲ್ಲಿ ಹುಟ್ಟಿದವನು ವೆಲ್ಶ್ ಹೆಸರಿಟ್ಟುಕೊಂಡು ಚಾಕ್ಟಾ ಹೆಸರಿನ ಬಿಯರ್ ಮಾರುತ್ತಿದ್ದ ಊರಿನಲ್ಲಿ ಅಡ್ಡಹೆಸರು ನಂಬಿ ಲೆಕ್ಕ ಹಾಕುವುದು ಹೇಗೆ?

ಹಾಗಾದರೆ ಸರ್ಕಾರ ಹೇಗೆ ಎಣಿಸುತ್ತದೆ? ಕೇಳಿ ಎಣಿಸುತ್ತದೆ. 1980ರ ಜನಗಣತಿಯಲ್ಲಿ ಮೊದಲ ಬಾರಿಗೆ 'ನಿಮ್ಮ ವಂಶಮೂಲ ಯಾವುದು' ಎಂಬ ಪ್ರಶ್ನೆ ಬಂತು. 2000ದವರೆಗೆ ಅದು ಉದ್ದನೆಯ ನಮೂನೆಯಲ್ಲಿತ್ತು, ಸರಾಸರಿ ಆರು ಮನೆಗೊಂದಕ್ಕೆ ಹೋಗುತ್ತಿದ್ದದ್ದು. 2005ರಿಂದ ಆ ಕೆಲಸ 'ಅಮೆರಿಕನ್ ಕಮ್ಯುನಿಟಿ ಸರ್ವೆ'ಯ ಪಾಲಿಗೆ ಬಂದಿದೆ. ಅದು ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ, ಅಂದರೆ ಅಲ್ಲಿ ನಡೆಯುವುದು ಸಮೀಕ್ಷೆ, ತಲೆ ಎಣಿಕೆ ಅಲ್ಲ. ಜನಸಂಖ್ಯೆ 65,000ಕ್ಕಿಂತ ಕಡಿಮೆಯಿರುವ ಊರುಗಳಿಗೆ ಐದು ವರ್ಷದ ಉತ್ತರಗಳನ್ನು ಒಟ್ಟುಹಾಕಿ ಅಂದಾಜು ಕೊಡುತ್ತಾರೆ. ಕ್ರೆಬ್ಸ್‌ನಂಥ ಊರಿನ ಅಂಕಿ ಯಾವಾಗಲೂ ಹೀಗೆ ಐದು ವರ್ಷದ ಕಲಸುಮೇಲೋಗರ.

ಪಟ್ಟಿಯಲ್ಲಿ ಅಂದಾಜಿನ ಪಕ್ಕ 'ಮಾರ್ಜಿನ್ ಆಫ್ ಎರರ್' ಎಂಬ ಕಾಲಂ ಇರುತ್ತದೆ. ಬಹಳಷ್ಟು ಜಾಲತಾಣಗಳು 'ಅತಿ ಹೆಚ್ಚು ಇಟಾಲಿಯನ್ನರಿರುವ ಊರುಗಳು' ಎಂದು ರ‍್ಯಾಂಕ್ ಪಟ್ಟಿ ಮಾಡುವಾಗ ಮೊದಲು ಎಸೆಯುವುದು ಇದನ್ನೇ. ನನ್ನ ಮಟ್ಟಿಗೆ ಆ ರ‍್ಯಾಂಕ್ ಪಟ್ಟಿಗಳು ಬರೀ ಕಾಲಹರಣ. ಉದಾಹರಣೆಗೆ ಒಂದು ಕಲ್ಪಿತ ಊರು: ಜನ 2,000, ಇಟಾಲಿಯನ್ ಮೂಲದವರು 200, ಪಕ್ಕದ ಕಾಲಂನಲ್ಲಿ 90. ಇದರರ್ಥ, ನಿಜ ಸಂಖ್ಯೆ 110ರಿಂದ 290ರ ನಡುವೆ ಇರುವ ಸಾಧ್ಯತೆ ಹೆಚ್ಚು. ಶೇ. 10 ಎಂದು ನೀವು ಓದಿದ್ದು ಶೇ. 5.5 ಇರಬಹುದು, ಶೇ. 14.5 ಕೂಡ ಇರಬಹುದು. ಪಕ್ಕದೂರಿನ ಶೇ. 7ರ ಜತೆ ಇದನ್ನು ಹೋಲಿಸಿ 'ಇಲ್ಲೇ ಜಾಸ್ತಿ' ಎನ್ನಲು ಬರುವುದಿಲ್ಲ. ಇನ್ನು 'ಐದಾರು ವರ್ಷದಲ್ಲಿ ಇಟಾಲಿಯನ್ನರು ಅರ್ಧಕ್ಕರ್ಧ ಕಡಿಮೆಯಾದರು' ಎಂಬಂಥ ಸುದ್ದಿಯ ಹಿಂದೆ ಎಷ್ಟೋ ಸಲ ಇರುವುದು ಈ ಅಲುಗಾಟವೇ. ಏರಿಳಿತ ನೋಡಲೇಬೇಕೆಂದಿದ್ದರೆ ವರ್ಷಗಳು ಒಂದರ ಮೇಲೊಂದು ಬರದ ಎರಡು ಕಂತು ತೆಗೆದುಕೊಳ್ಳಿ, 2010–14 ಮತ್ತು 2015–19 ಇದ್ದ ಹಾಗೆ.

ಉತ್ತರ ಕೊಡುವವರ ಮನಸ್ಸೂ ಇದರಲ್ಲಿ ಸೇರಿಕೊಂಡಿದೆ. ಒಬ್ಬರು ಎಷ್ಟು ಮೂಲ ಬರೆದರೂ ಮೊದಲ ಎರಡನ್ನು ಮಾತ್ರ ದಾಖಲಿಸುತ್ತಾರೆ. ನಾಲ್ಕನೇ ತಲೆಮಾರಿನಲ್ಲಿ ಒಬ್ಬಳೇ ಮುತ್ತಜ್ಜಿ ಇಟಾಲಿಯನ್ ಇದ್ದರೂ ಅವಳನ್ನೇ ಮೊದಲು ಬರೆಯುವವರಿದ್ದಾರೆ, ಮರೆತೇಬಿಟ್ಟವರೂ ಇದ್ದಾರೆ. ಓಕ್ಲಹೋಮದ ಕಡೆ 'ಅಮೆರಿಕನ್' ಎಂದಷ್ಟೇ ಬರೆದು ಮುಗಿಸುವವರೂ ಕಡಿಮೆಯಿಲ್ಲ. ನಮೂನೆಯಲ್ಲಿ ಕೊಟ್ಟ ಉದಾಹರಣೆ ಕೂಡ ಉತ್ತರವನ್ನು ಎಳೆಯುತ್ತದೆ: 1980ರಲ್ಲಿ ಉದಾಹರಣೆಗಳ ಸಾಲಿನಲ್ಲಿ 'ಇಂಗ್ಲಿಷ್' ಇತ್ತು, ಸುಮಾರು 4.96 ಕೋಟಿ ಜನ ಅದನ್ನು ಬರೆದರು. 1990ರಲ್ಲಿ ಆ ಪದ ತೆಗೆದರು, ಸಂಖ್ಯೆ 3.27 ಕೋಟಿಗೆ ಕುಸಿಯಿತು. ಈಗಿನ ಸಮೀಕ್ಷೆಯಲ್ಲಿ ಉದಾಹರಣೆಗಳ ಸಾಲು ಶುರುವಾಗುವುದೇ 'ಇಟಾಲಿಯನ್'ನಿಂದ.

ಹಾಗೆ ನೋಡಿದರೆ ಕ್ರೆಬ್ಸ್‌ನಲ್ಲಿ ಆ ಉತ್ತರ ಬರೆಯುವುದು ಸುಲಭ. ಇದ್ದಿಲು ಮೂಲೆಗೆ ಬಿದ್ದು ಎಷ್ಟೋ ಕಾಲವಾಯಿತು, ಆದರೆ 1946ರಲ್ಲಿ ತೆರೆದ ಲೊವೇರಾ ದಿನಸಿ ಅಂಗಡಿಯಲ್ಲಿ ಈಗಲೂ ಕಾಚೊಕವಾಲ್ಲೊ ಚೀಸ್ ಮಾಡುತ್ತಾರೆ. ಸೋರೆಬುರುಡೆಯ ಆಕಾರದ ಎರಡೆರಡು ಗಡ್ಡೆಗಳ ಕತ್ತಿಗೆ ಒಂದೇ ದಾರ ಕಟ್ಟಿ, ಕೋಲಿನ ಆಚೆಗೊಂದು ಈಚೆಗೊಂದು ಇಳಿಬಿಡುವ ಚೀಸ್ ಅದು. ಕುದುರೆಯ ಮೇಲೆ ಕಾಲು ಇಳಿಬಿಟ್ಟು ಕೂತಂತೆ ಕಾಣುತ್ತದೆಂದು ಆ ಹೆಸರು. ಸಂತೆಸಾಮಾನಿನ ಜತೆ ಅದನ್ನೂ ಕೊಂಡು ತರುವ ಮನೆಯವರಿಗೆ ತಮ್ಮ ಮೂಲ ನೆನಪಿಸಲು ಬೇರೆ ಯಾರೂ ಬೇಕಿಲ್ಲ.

ನೀವೇ ನೋಡುವುದಾದರೆ ಸೆನ್ಸಸ್ ಬ್ಯೂರೊ ಜಾಲತಾಣದಲ್ಲಿ ಬಿ04006 ಎಂಬ ಪಟ್ಟಿ ತೆರೆಯಿರಿ. ಎರಡು ಮೂಲ ಹೇಳಿದವರು ಅಲ್ಲಿ ಎರಡೂ ಕಡೆ ಬರುತ್ತಾರೆ, ಆದ್ದರಿಂದ ಕೂಡಿದರೆ ಊರಿನ ಜನಸಂಖ್ಯೆ ದಾಟಿದರೂ ಗಾಬರಿ ಬೇಡ. ಒಂದೇ ಮೂಲ ಹೇಳಿದವರು ಬೇಕಿದ್ದರೆ ಬಿ04004. ಅಲ್ಲಿ ಭಾರತೀಯರನ್ನು ಹುಡುಕಬೇಡಿ, ಅವರನ್ನು ಎಣಿಸುವುದು ಜನಾಂಗದ ಪ್ರಶ್ನೆಯಡಿ. ಕನ್ನಡದವರು ಸಿಗುವುದು ಮನೆಮಾತಿನ ಪಟ್ಟಿಯಲ್ಲಿ, ಬಿ16001ರಲ್ಲಿ. ತಮಿಳು, ತೆಲುಗಿಗೆ ಅಲ್ಲಿ ಒಂದೊಂದು ಸ್ವಂತ ಸಾಲಿದೆ. ನಮ್ಮದು 'ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು' ಎಂಬ ಒಟ್ಟು ಸಾಲಿನೊಳಗೆ.