ಸ್ಕಿಲ್ಸ್ ಗ್ಯಾಪ್: ಅಮೆರಿಕದ ಕಾರ್ಖಾನೆಗಳಲ್ಲಿ ಕೊರತೆ ಯಾವುದರದ್ದು?

ಅಮೆರಿಕದ ಚುನಾವಣಾ ಭಾಷಣಗಳಲ್ಲಿ ಎರಡು ಮಾತುಗಳು ಒಂದೇ ವೇದಿಕೆಯಿಂದ, ಕೆಲವೊಮ್ಮೆ ಒಂದೇ ಬಾಯಿಂದ ಬರುತ್ತವೆ. ಕಾರ್ಖಾನೆ ಕೆಲಸಗಳನ್ನೆಲ್ಲ ಅಗ್ಗದ ಕೂಲಿಯ ದೇಶಗಳು ಕಿತ್ತುಕೊಂಡವು ಎಂಬುದು ಮೊದಲನೆಯದು. ಕಾರ್ಖಾನೆಗಳಲ್ಲಿ ಕೆಲಸ ಬೇಕಾದಷ್ಟಿದೆ, ಮಾಡಬಲ್ಲವರೇ ಸಿಗುತ್ತಿಲ್ಲ ಎಂಬುದು ಎರಡನೆಯದು. ಈ ಎರಡನೆಯ ದೂರಿಗೆ ಇಟ್ಟ ಹೆಸರು ‘ಸ್ಕಿಲ್ಸ್ ಗ್ಯಾಪ್’. ನಮ್ಮ ಪತ್ರಿಕೆಗಳು ಇದನ್ನು ಕೌಶಲ್ಯದ ಕೊರತೆ ಎಂದು ಬರೆಯುತ್ತವೆ. ಮಾಲೀಕರು ಬಯಸುವ ಕೌಶಲ್ಯಕ್ಕೂ ಕೆಲಸ ಹುಡುಕುವವರಲ್ಲಿರುವ ಕೌಶಲ್ಯಕ್ಕೂ ನಡುವಿನ ಅಂತರ ಎಂಬುದು ಇದರ ಸರಳ ಅರ್ಥ. ಆದರೆ ಬಳಕೆಯಲ್ಲಿ ಈ ಪದ ಅಷ್ಟು ಸಾಧುವಲ್ಲ. ತಪ್ಪು ಯಾರದು, ಕಲಿಸುವ ಖರ್ಚು ಯಾರ ತಲೆಗೆ ಎಂಬ ತೀರ್ಪು ಅದರೊಳಗೇ ಅಡಗಿರುತ್ತದೆ.

ಮೊದಲು ಕಳೆದುಹೋದ ಕೆಲಸಗಳ ಲೆಕ್ಕ ನೋಡೋಣ. ಅಮೆರಿಕದ ತಯಾರಿಕಾ ವಲಯದಲ್ಲಿ ಅತಿ ಹೆಚ್ಚು ಜನ ದುಡಿಯುತ್ತಿದ್ದುದು 1979ರ ಜೂನ್‌ನಲ್ಲಿ, ಸುಮಾರು 1.95 ಕೋಟಿ. ಅಲ್ಲಿಂದ 2000ದವರೆಗಿನ ಇಳಿಕೆ ನಿಧಾನದ್ದು. 2000ದಲ್ಲಿ ಸುಮಾರು 1.7 ಕೋಟಿ ಇದ್ದವರು 2010ರ ಆರಂಭಕ್ಕೆ 1.15 ಕೋಟಿಗೆ ಕುಸಿದರು. ಹತ್ತು ವರ್ಷಗಳಲ್ಲಿ ಮೂರನೇ ಒಂದು ಪಾಲು ಹೋಯಿತು. ಯಂತ್ರಗಳು ತಿಂದದ್ದೆಷ್ಟು, ಆಮದು ತಿಂದದ್ದೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯನ್ನು ಸೇರಿದ ನಂತರದ ಆಘಾತಕ್ಕೆ ಅರ್ಥಶಾಸ್ತ್ರದಲ್ಲಿ ‘ಚೀನಾ ಶಾಕ್’ ಎಂದೇ ಹೆಸರು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ಮತ್ತು ಅವರ ಜೊತೆಗಾರರ ಅಂದಾಜಿನಂತೆ 1999ರಿಂದ 2011ರ ನಡುವೆ ಚೀನಾ ಆಮದಿನಿಂದ ಹೋದ ಕೆಲಸಗಳು ಎಲ್ಲ ವಲಯ ಸೇರಿ 20ರಿಂದ 24 ಲಕ್ಷ. ಈ ಸಂಖ್ಯೆಗಿಂತ ಅವರ ಇನ್ನೊಂದು ಶೋಧ ಹೆಚ್ಚು ಕಸಿವಿಸಿಯದು. ಕೆಲಸ ಹೋದ ಊರಿನಿಂದ ಜನ ಕೆಲಸ ಇರುವ ಊರಿಗೆ ಹೋಗುತ್ತಾರೆ, ಒಂದು ಕಸುಬು ಮುಳುಗಿದರೆ ಇನ್ನೊಂದನ್ನು ಹಿಡಿಯುತ್ತಾರೆ ಎಂದು ಪಠ್ಯಪುಸ್ತಕಗಳು ಹೇಳಿಕೊಂಡು ಬಂದಿದ್ದವು. ಬಹುಪಾಲು ಜನ ಹೋಗಲೂ ಇಲ್ಲ, ಹಿಡಿಯಲೂ ಇಲ್ಲ.

ಉತ್ತರ ಕೆರೊಲಿನಾದ ಕನ್ನಾಪೊಲಿಸ್ ಎಂಬ ಊರನ್ನು ತೆಗೆದುಕೊಳ್ಳಿ. ಕ್ಯಾನನ್ ಟವೆಲ್‌ಗಳ ಊರದು. ಮನೆ, ಅಂಗಡಿ ಬೀದಿ ಎಲ್ಲವೂ ಗಿರಣಿಯವರದೇ. 1984ರವರೆಗೆ ಅದಕ್ಕೆ ನಗರಾಡಳಿತವೇ ಇರಲಿಲ್ಲ ಎಂದರೆ ಊಹಿಸಿಕೊಳ್ಳಬಹುದು. ಅಪ್ಪ ಮಗ್ಗದಲ್ಲಿ, ಅಮ್ಮ ಹೊಲಿಗೆಯಲ್ಲಿ, ಮಗ ಹೈಸ್ಕೂಲನ್ನು ಅರ್ಧಕ್ಕೆ ಬಿಟ್ಟು ಅದೇ ಗೇಟಿನೊಳಗೆ. ಓದಿನ ಅಗತ್ಯವೇ ಬೀಳದಂತೆ ತಲೆಮಾರುಗಳು ಕಳೆದವು. 2003ರ ಜುಲೈ 30ರಂದು ಪಿಲ್ಲೊಟೆಕ್ಸ್ ಎಂಬ ಹೆಸರಿನಲ್ಲಿದ್ದ ಆ ಕಂಪನಿ ಬಾಗಿಲು ಹಾಕಿತು. ಆ ರಾಜ್ಯವೊಂದರಲ್ಲೇ ಸುಮಾರು 4,800 ಮಂದಿ ಒಂದೇ ದಿನ ಕೆಲಸ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿಗೆ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರ ಇರಲಿಲ್ಲ. ಐವತ್ತು ದಾಟಿದವರು ಸಮೀಪದ ಸಮುದಾಯ ಕಾಲೇಜಿನ (ಎರಡು ವರ್ಷದ ಕೋರ್ಸುಗಳ ಸರ್ಕಾರಿ ಕಾಲೇಜು) ಬೆಂಚುಗಳಲ್ಲಿ ಮತ್ತೆ ಭಿನ್ನರಾಶಿ ಕಲಿಯಲು ಕುಳಿತರು. ಗಿರಣಿ ಕೆಡವಿದ ಜಾಗದಲ್ಲಿ ಕೆಲವೇ ವರ್ಷಗಳಲ್ಲಿ ಜೈವಿಕ ಸಂಶೋಧನೆಯ ದೊಡ್ಡ ಕ್ಯಾಂಪಸ್ ಎದ್ದಿತು. ಒಳಗೆ ಕೆಲಸ ಇದೆ, ಹೊರಗೆ ಜನ ಇದ್ದಾರೆ, ನಡುವೆ ಒಂದು ಪದವಿಯ ಗೋಡೆ. ಸ್ಕಿಲ್ಸ್ ಗ್ಯಾಪ್ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಾರದು. ಆದರೆ ಮೂವತ್ತು ವರ್ಷ ಟವೆಲ್ ನೇಯ್ದವರನ್ನು ಕೌಶಲ್ಯವಿಲ್ಲದವರು ಎನ್ನಲು ಬಾಯಿ ಬರುತ್ತದೆಯೇ? ಅವರ ಕೌಶಲ್ಯಕ್ಕೆ ಇದ್ದ ಬೆಲೆಯನ್ನು ಬೇರೆ ದೇಶದ ಕೂಲಿದರ ತೆಗೆದುಹಾಕಿತ್ತು, ಅಷ್ಟೇ.

ಹೀಗೆ ಕೆಲಸ ಕಳೆದುಕೊಂಡವರಿಗೆ ಸರ್ಕಾರದ ಉತ್ತರ ಮರುತರಬೇತಿ. 1962ರಲ್ಲಿ ಕೆನಡಿ ಕಾಲದಲ್ಲಿ ಶುರುವಾದ ‘ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್’ ಯೋಜನೆಯ ತರ್ಕ ಸರಳ: ಮುಕ್ತ ವ್ಯಾಪಾರದಿಂದ ದೇಶಕ್ಕೆ ಲಾಭ, ಕೆಲವರಿಗೆ ನಷ್ಟ, ಆ ಕೆಲವರಿಗೆ ಭತ್ಯೆ ಕೊಟ್ಟು ಹೊಸ ವಿದ್ಯೆ ಕಲಿಸೋಣ. ಅದು ಎಷ್ಟು ಫಲಿಸಿತು? ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್‌ನಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ 2008ರ ಕ್ರಿಸ್‌ಮಸ್‌ಗೆ ಎರಡು ದಿನ ಮುಂಚೆ ನಿಂತಿತು. ನೂರಾರು ಕಾರ್ಮಿಕರು ಊರಿನ ತಾಂತ್ರಿಕ ಕಾಲೇಜು ಸೇರಿದರು. ಕೆಲವರಿಗೆ ಕಂಪ್ಯೂಟರ್ ಆನ್ ಮಾಡುವುದರಿಂದ ಪಾಠ ಆರಂಭಿಸಬೇಕಾಯಿತು. ಮುಂದೆ ಲೆಕ್ಕ ಹಾಕಿದಾಗ, ಮರಳಿ ಓದಿದವರಿಗಿಂತ ಓದದೆ ಸಿಕ್ಕ ಕೆಲಸ ಹಿಡಿದವರೇ ಹೆಚ್ಚು ಸಂಖ್ಯೆಯಲ್ಲಿ ದುಡಿಯುತ್ತಿದ್ದರು, ಹೆಚ್ಚು ಗಳಿಸುತ್ತಿದ್ದರು. ಊರಲ್ಲಿ ಕೆಲಸಗಳೇ ಕಡಿಮೆಯಿದ್ದಾಗ ಎರಡು ವರ್ಷ ತರಗತಿಯಲ್ಲಿ ಕುಳಿತವರಿಗೆ ಸರತಿಯ ಕೊನೆಯೇ ಗತಿ. ಮರುತರಬೇತಿಯೇ ವ್ಯರ್ಥ ಎಂದು ತೀರ್ಮಾನಿಸುವುದೂ ಅವಸರವಾದೀತು. ಇದೇ ಯೋಜನೆಯ ಫಲಾನುಭವಿಗಳನ್ನು ಹತ್ತು ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನದಲ್ಲಿ ಅವರ ಒಟ್ಟು ಗಳಿಕೆ ಉಳಿದವರಿಗಿಂತ ಸುಮಾರು 50,000 ಡಾಲರ್ ಹೆಚ್ಚಿತ್ತು. ಏನಿದ್ದರೂ 2022ರ ಜುಲೈನಲ್ಲಿ ಅವಧಿ ಮುಗಿದಾಗ ಸಂಸತ್ತು ಈ ಯೋಜನೆಯನ್ನು ನವೀಕರಿಸಲಿಲ್ಲ.

ಇನ್ನು ಮಾಲೀಕರ ಪಕ್ಷ. 2030ರ ಹೊತ್ತಿಗೆ 21 ಲಕ್ಷ ತಯಾರಿಕಾ ಹುದ್ದೆಗಳು ಭರ್ತಿಯಾಗದೆ ಉಳಿಯುತ್ತವೆ ಎಂದು ಸಲಹಾ ಕಂಪನಿ ಡೆಲಾಯ್ಟ್ ಮತ್ತು ತಯಾರಕರ ಕಡೆಯ ಮ್ಯಾನುಫ್ಯಾಕ್ಚರಿಂಗ್ ಇನ್‌ಸ್ಟಿಟ್ಯೂಟ್ 2021ರಲ್ಲಿ ಹೇಳಿದ್ದವು. ಈ ಬಗೆಯ ಅಂಕಿಗಳನ್ನು ಕಂಡರೆ ವಾರ್ಟನ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಪೀಟರ್ ಕ್ಯಾಪೆಲಿಯಂಥವರಿಗೆ ಅನುಮಾನ. ಮಾರುಕಟ್ಟೆಯಲ್ಲಿ ಈರುಳ್ಳಿ ಕೊರತೆಯಾದರೆ ಬೆಲೆ ಏರುತ್ತದೆ. ಬೆಲೆ ಇದ್ದಲ್ಲೇ ಇದ್ದು, ಕೊಳ್ಳುವವನು ಮಾತ್ರ ಈರುಳ್ಳಿ ಸಿಗುತ್ತಿಲ್ಲ ಎಂದು ಗೋಳಾಡಿದರೆ ಅವನು ಹಳೆಯ ದರಕ್ಕೆ ಕೇಳುತ್ತಿದ್ದಾನೆ ಎಂದು ಅರ್ಥ. ನುರಿತವರ ಬರ ನಿಜವೇ ಆಗಿದ್ದರೆ ಅವರ ಸಂಬಳ ಬಡಬಡನೆ ಏರಬೇಕಿತ್ತು. ದೂರು ಜೋರಾಗಿದ್ದ 2010ರ ದಶಕದ ಮೊದಲರ್ಧದಲ್ಲಿ ಹಾಗಾಗಲಿಲ್ಲ. ಎಂಐಟಿಯ ಪಾಲ್ ಆಸ್ಟರ್‌ಮನ್ ಮತ್ತು ಆ್ಯಂಡ್ರೂ ವೀವರ್ ಕಾರ್ಖಾನೆಗಳನ್ನೇ ಕೇಳಿ ನೋಡಿದರು. ಮೂರು ತಿಂಗಳಿಗೂ ಹೆಚ್ಚು ಕಾಲ ಖಾಲಿ ಉಳಿದ ಹುದ್ದೆಗಳಿದ್ದುದು ಕಾಲು ಭಾಗಕ್ಕಿಂತ ಕಡಿಮೆ ಕಾರ್ಖಾನೆಗಳಲ್ಲಿ.

ಹಾಗೆಂದು ಇದು ಬರೀ ಮಾಲೀಕರ ನೆಪ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾರಿನ ಬಾಗಿಲಿನ ತಗಡನ್ನು ಒತ್ತುವ ಡೈ, ಅಂದರೆ ಉಕ್ಕಿನ ಅಚ್ಚು, ತಯಾರಾಗುವುದನ್ನು ನೋಡಿ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಅದನ್ನು ಕೆತ್ತಿ ಕೊಟ್ಟ ಮೇಲೆ ಟೂಲ್‌ಮೇಕರ್‌ನ ಕೆಲಸ ಶುರುವಾಗುತ್ತದೆ. ಡೈಯ ಎರಡು ಹೋಳುಗಳಲ್ಲಿ ಒಂದಕ್ಕೆ ತೆಳುವಾಗಿ ನೀಲಿ ಬಣ್ಣದ ಪೇಸ್ಟ್ ಸವರಿ, ಪ್ರೆಸ್‌ನಲ್ಲಿ ಇನ್ನೊಂದು ಹೋಳಿನ ಮೇಲೆ ಮುಚ್ಚಿ ತೆರೆಯುತ್ತಾನೆ. ನೀಲಿ ಹತ್ತಿದ ಕಡೆ ಉಕ್ಕು ಕೂದಲೆಳೆಗಿಂತ ಕಡಿಮೆ ಎತ್ತರದಲ್ಲಿ ಉಬ್ಬಿದೆ ಎಂದು ಲೆಕ್ಕ. ಅಷ್ಟನ್ನು ಮಾತ್ರ ಕಲ್ಲಿನಿಂದ ಉಜ್ಜಿ, ಒರೆಸಿ, ಮತ್ತೆ ನೀಲಿ ಸವರಿ, ಮತ್ತೆ ಮುಚ್ಚುತ್ತಾನೆ. ದಿನಗಟ್ಟಲೆ ಇದೇ. ಒತ್ತಡ ಬಿಟ್ಟಾಗ ಯಾವ ತಗಡು ಎಷ್ಟು ಹಿಂದಕ್ಕೆ ಚಿಮ್ಮುತ್ತದೆ ಎಂಬುದು ಅವನ ಕೈಗೆ ಗೊತ್ತು. ಪೀಣ್ಯದ ಟೂಲ್‌ರೂಮುಗಳಲ್ಲಿ ಬೆವರು ಹರಿಸಿದವರಿಗೆ ಇದೇನೂ ಹೊಸದಲ್ಲ. ಎನ್‌ಟಿಟಿಎಫ್, ಜಿಟಿಟಿಸಿಗಳಂಥ ತಾಂತ್ರಿಕ ತರಬೇತಿ ಸಂಸ್ಥೆಗಳು ಹುಡುಗರನ್ನು ವರ್ಷಗಟ್ಟಲೆ ಯಂತ್ರದ ಮುಂದೆ ನಿಲ್ಲಿಸುವುದು ಇದಕ್ಕಾಗಿಯೇ. ಈ ವಿದ್ಯೆ ಒಬ್ಬರ ಪಕ್ಕ ಇನ್ನೊಬ್ಬರು ನಿಂತು ಬರುವಂಥದ್ದು. ಡೈ ಆರ್ಡರುಗಳೆಲ್ಲ ಸಮುದ್ರ ದಾಟಿ ಹೋದರೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳುವವರೂ ಉಳಿಯುವುದಿಲ್ಲ. ಆ್ಯಪಲ್‌ನ ಟಿಮ್ ಕುಕ್ 2017ರಲ್ಲಿ ಹೇಳಿದ್ದು ಇದನ್ನೇ: ಅಮೆರಿಕದಲ್ಲಿ ಟೂಲಿಂಗ್ ಎಂಜಿನಿಯರುಗಳ (ಇಂಥ ಅಚ್ಚುಗಳನ್ನು ರೂಪಿಸುವವರ) ಸಭೆ ಕರೆದರೆ ಒಂದು ಕೋಣೆ ತುಂಬುವುದೂ ಅನುಮಾನ, ಚೀನಾದಲ್ಲಾದರೆ ಫುಟ್‌ಬಾಲ್ ಮೈದಾನಗಳೇ ತುಂಬುತ್ತವೆ. ಚೀನಾಕ್ಕೆ ಹೋಗುವುದು ಈಗ ಕೂಲಿ ಅಗ್ಗವೆಂದಲ್ಲ, ಕೌಶಲ್ಯಕ್ಕಾಗಿ ಎಂದೂ ಅವರು ಅಂದರು. ಕೂಲಿ ಅಗ್ಗವಾಗಿದ್ದ ಕಾಲದಲ್ಲಿ ಕೆಲಸ ಅಲ್ಲಿಗೆ ಹೋದದ್ದರಿಂದಲೇ ಅಲ್ಲಿ ಕೌಶಲ್ಯ ಬೆಳೆಯಿತು ಎಂಬ ಅರ್ಧವನ್ನು ನಾವು ಸೇರಿಸಿಕೊಳ್ಳಬೇಕು.

ಹೋದ ಕಾರ್ಖಾನೆಯನ್ನು ವಾಪಸು ತರುವಾಗ ಆಗುವ ಫಜೀತಿಯೂ ಇಲ್ಲಿಂದಲೇ ಹುಟ್ಟುತ್ತದೆ. ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿ ಕಂಪನಿ ಅರಿಜೋನಾದಲ್ಲಿ ಕಟ್ಟುತ್ತಿದ್ದ ಚಿಪ್ ಕಾರ್ಖಾನೆ 2023ರಲ್ಲಿ ತಡವಾದಾಗ ನುರಿತ ಕೆಲಸಗಾರರ ಕೊರತೆಯೇ ಕಾರಣ ಎಂದಿತು. ತೈವಾನಿನಿಂದ ತಂತ್ರಜ್ಞರನ್ನು ಕರೆಸಲು ಹೊರಟಾಗ ಸ್ಥಳೀಯ ಕಾರ್ಮಿಕ ಸಂಘಟನೆಗಳು ಸಿಡಿದೆದ್ದವು: ಇದು ಕೌಶಲ್ಯದ ಮಾತಲ್ಲ, ಅಗ್ಗದ ಆಳುಗಳ ಮಾತು ಎಂದು. 2025ರ ಸೆಪ್ಟೆಂಬರ್‌ನಲ್ಲಿ ಜಾರ್ಜಿಯಾದ ಹ್ಯುಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆಯ ಮೇಲೆ ವಲಸೆ ಅಧಿಕಾರಿಗಳು ದಾಳಿ ಮಾಡಿ 475 ಮಂದಿಯನ್ನು ಹಿಡಿದರು. ಮುನ್ನೂರಕ್ಕೂ ಹೆಚ್ಚು ಜನ ಕೊರಿಯಾದವರು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಟ್ರಂಪ್, ನಮ್ಮವರಿಗೆ ಕಲಿಸಲು ಹೊರಗಿನ ತಜ್ಞರು ಬೇಕು ಎಂಬರ್ಥದ ಮಾತಾಡಿದರು.

ಶಾಲೆಗಳ ಪಾಲೂ ಇದೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆಯಿಂದಲೇ ಅಮೆರಿಕದ ಹೈಸ್ಕೂಲುಗಳಲ್ಲಿ ಕಸುಬಿನ ಶಿಕ್ಷಣಕ್ಕೆ ಒಕ್ಕೂಟ ಸರ್ಕಾರದ ಹಣ ಬರುತ್ತಿತ್ತು. 1980ರ ದಶಕದ ನಂತರ ಎಲ್ಲರನ್ನೂ ಕಾಲೇಜಿಗೆ ಕಳಿಸುವ ಹುಮ್ಮಸ್ಸಿನಲ್ಲಿ ಎಷ್ಟೋ ಶಾಲೆಗಳ ಲೇತ್‌ಗಳು ಮೂಲೆ ಸೇರಿದವು. ಸೀಮೆನ್ಸ್ ಕಂಪನಿ ಉತ್ತರ ಕೆರೊಲಿನಾದ ಶಾರ್ಲಟ್‌ನಲ್ಲಿ ಟರ್ಬೈನ್ ಕಾರ್ಖಾನೆಗೆ 800 ಜನರನ್ನು ಕರೆದಾಗ ಬಂದವರು ಸುಮಾರು 10,000. ಒಂಬತ್ತನೇ ತರಗತಿ ಮಟ್ಟದ ಓದು, ಬರಹ, ಲೆಕ್ಕದ ಪರೀಕ್ಷೆಯಲ್ಲಿ ತೇರ್ಗಡೆಯಾದವರು ನೂರಕ್ಕೆ ಹದಿನೈದಕ್ಕೂ ಕಡಿಮೆ. ಜರ್ಮನ್ ಕಂಪನಿಯಾದ್ದರಿಂದ ಅದು ತನ್ನ ನಾಡಿನ ದಾರಿ ಹಿಡಿಯಿತು: ಸಮುದಾಯ ಕಾಲೇಜಿನ ಜೊತೆ ಸೇರಿ ಸಂಬಳ ಕೊಟ್ಟೇ ಕಲಿಸುವ ಅಪ್ರೆಂಟಿಸ್‌ಶಿಪ್. ಉಳಿದವರು ಹಾಗೆ ಮಾಡಲು ಹಿಂಜರಿಯುವುದೇಕೆಂದರೆ, ತಾವು ಕಲಿಸಿದವರನ್ನು ಪಕ್ಕದವನು ಒಂದು ಡಾಲರ್ ಹೆಚ್ಚು ಕೊಟ್ಟು ಎಳೆದುಕೊಳ್ಳುತ್ತಾನೆಂಬ ಭಯ.

ಕಲಿಸುವ ಖರ್ಚಿನ ಮಾತು ಬಂದಾಗ ನಮ್ಮವರಿಗೂ ಸಂಬಂಧಿಸಿದ ಒಂದು ಸಂಗತಿಯಿದೆ. ಬೆಂಗಳೂರಿನಿಂದ ಎಚ್-1ಬಿ ವೀಸಾದಲ್ಲಿ ಹೋಗುವ ಎಂಜಿನಿಯರುಗಳಲ್ಲೂ ಬಹಳ ಮಂದಿಗೆ ಇದು ಗೊತ್ತಿರಲಾರದು. ಅಮೆರಿಕದವರಲ್ಲಿ ಕೌಶಲ್ಯ ಸಾಲದು, ಹೊರಗಿನವರು ಬೇಕು ಎಂದು ಕಂಪನಿಗಳು ಒತ್ತಾಯಿಸಿದಾಗ 1998ರಲ್ಲಿ ಸಂಸತ್ತು ಒಂದು ಷರತ್ತು ಹಾಕಿತು: ವೀಸಾ ಹೆಚ್ಚಿಸುತ್ತೇವೆ, ನೀವು ಶುಲ್ಕ ಕಟ್ಟಿ, ಅದರಿಂದ ನಮ್ಮವರಿಗೆ ಕಲಿಸುತ್ತೇವೆ. ಇಂದು ಆ ಶುಲ್ಕ ದೊಡ್ಡ ಕಂಪನಿಗೆ 1,500 ಡಾಲರ್, 25 ಅಥವಾ ಅದಕ್ಕಿಂತ ಕಡಿಮೆ ನೌಕರರಿರುವ ಕಂಪನಿಗೆ 750. ಅದನ್ನು ನೌಕರನ ಸಂಬಳದಿಂದ ಹಿಡಿಯುವಂತಿಲ್ಲ. ಬಂದ ಹಣದಲ್ಲಿ ಅರ್ಧ ಕಾರ್ಮಿಕ ಇಲಾಖೆಯ ತರಬೇತಿ ಅನುದಾನಕ್ಕೂ, ಶೇ. 30ರಷ್ಟು ಬಡ ವಿದ್ಯಾರ್ಥಿಗಳ ವಿಜ್ಞಾನ, ಎಂಜಿನಿಯರಿಂಗ್ ವಿದ್ಯಾರ್ಥಿವೇತನಕ್ಕೂ ಹೋಗುತ್ತದೆ. ಕಾರ್ಖಾನೆಗಳಿಗೆ ಅಪ್ರೆಂಟಿಸ್‌ಗಳನ್ನು ತಯಾರು ಮಾಡಲು ಸಮುದಾಯ ಕಾಲೇಜುಗಳಿಗೆ ಸಿಕ್ಕಿರುವ ಅನುದಾನಗಳಲ್ಲೂ ಈ ವೀಸಾ ಶುಲ್ಕದ ಹಣವಿದೆ.